ಹನ್ನೆರಡು ಬೂದು ಅಕ್ಷರಗಳು

ತಿದ್ದುಪಡಿಯ ಕರಡು ಬರೆದವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ಓದುವವರಿಗೆ ನಾನು ಯಾರದೋ ತಪ್ಪನ್ನು ಹಿಡಿದು ತಿದ್ದಿದ ಜಾಣೆಯಂತೆ ಕಂಡೇನು.

ಶಿಕಾರಿಪುರದಲ್ಲಿ ನನ್ನದು ಒಂದು ಮೇಜು, ಒಂದು ಕಂಪ್ಯೂಟರಿನ ಕೆಲಸ. ಈ ತಾಲ್ಲೂಕಿನಲ್ಲೂ ಪಕ್ಕದ ಸೊರಬ ತಾಲ್ಲೂಕಿನಲ್ಲೂ ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಗುಡಿಯ ಅಂಗಳದಲ್ಲಿ ನಿಂತಿರುವ ಶಾಸನಗಳ ಪಾಠವನ್ನು ಕಂಪ್ಯೂಟರಿಗೆ ಏರಿಸುತ್ತೇನೆ. ಬರೀ ಅಕ್ಷರ ಟೈಪು ಮಾಡಿದರೆ ಈ ಕೆಲಸ ಮುಗಿಯುವುದಿಲ್ಲ. ಪ್ರತಿ ಅಕ್ಷರಕ್ಕೂ ಅದರ ಸ್ಥಿತಿ ಹೇಳುವ ಒಂದು ಗುರುತು ಹಾಕಬೇಕು. ಸ್ಪಷ್ಟವಾಗಿದೆ ಎಂಬುದಕ್ಕೊಂದು, ಸವೆದಿದೆ ಆದರೂ ಓದಬಹುದು ಎಂಬುದಕ್ಕೊಂದು, ಕಲ್ಲಿನಲ್ಲಿ ಇಲ್ಲ, ಇದು ನಮ್ಮ ಊಹೆ ಎಂಬುದಕ್ಕೊಂದು. ನಾಲ್ಕನೆಯ ಗುರುತು ಸ್ವಲ್ಪ ವಿಚಿತ್ರದ್ದು. ಈಗ ಕಲ್ಲಿನ ಮೇಲೆ ಏನೂ ಕಾಣುವುದಿಲ್ಲ, ಆದರೆ ಹಿಂದೆ ಓದಿದವರೊಬ್ಬರು ಕಂಡು ಬರೆದುಕೊಂಡಿದ್ದಾರೆ ಎಂದು ಅದರ ಅರ್ಥ. ನಾವು ಅದನ್ನು ‘ಹಿಂದಿನವರು ಕಂಡದ್ದು’ ಎಂದು ಕರೆಯುತ್ತೇವೆ.

ಈ ಗುರುತುಗಳ ನಿಯಮಾವಳಿಯನ್ನು ನೋಡಿಕೊಳ್ಳುವುದು ಸುಮಾರು ಇಪ್ಪತ್ತು ಜನರ ಒಂದು ಗುಂಪು. ಒಬ್ಬೊಬ್ಬರು ಒಂದೊಂದು ಊರಿನವರು. ತಿಂಗಳಿಗೊಮ್ಮೆ ಕಂಪ್ಯೂಟರಿನ ತೆರೆಯ ಮೇಲೆ ಸೇರುತ್ತೇವೆ. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಎಂಬ ಗಾದೆ ನಮ್ಮನ್ನು ನೋಡಿಯೇ ಹುಟ್ಟಿರಬೇಕು. ಒಂದು ಗುರುತಿನ ಹೆಸರು ಬದಲಿಸಲು ನಾವು ಆರು ತಿಂಗಳು ಜಗಳವಾಡಿದ್ದೂ ಉಂಟು. ಅಂಥ ಗುಂಪಿನ ಮುಂದೆ ನಾನು ಇಟ್ಟ ತಿದ್ದುಪಡಿ ಒಂದೇ ಸಾಲಿನದು: ನಾಲ್ಕನೆಯ ಗುರುತನ್ನು ತೆಗೆದುಹಾಕಿ, ಅದರಡಿ ಇರುವ ಅಕ್ಷರಗಳನ್ನೆಲ್ಲ ‘ಊಹೆ’ಗೆ ಸೇರಿಸಬೇಕು.

ನನ್ನ ವಾದ ಸರಳವಾಗಿತ್ತು. ಹಿಂದಿನವರು ಎಂದರೆ ಯಾರು? ಯಾವ ಬೆಳಕಿನಲ್ಲಿ ನೋಡಿದರು? ಕನ್ನಡಕ ಹಾಕಿಕೊಂಡಿದ್ದರೇ? ಫೋಟೋದಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ನಮ್ಮಪ್ಪ ಪೇಟೆಯಲ್ಲಿ ಪಾತ್ರೆಗಳಿಗೆ ಹೆಸರು ಕೊರೆಯುವವರು. ಗಿರಾಕಿ ಬಾಯಲ್ಲಿ ಹೇಳಿದ ಹೆಸರನ್ನು ಅವರು ಎಂದೂ ಕೊರೆಯುವುದಿಲ್ಲ, ಚೀಟಿಯಲ್ಲಿ ಬರೆಸಿಕೊಂಡೇ ಕೊರೆಯುತ್ತಾರೆ. ಆ ಅಂಗಡಿಯಲ್ಲಿ ಬೆಳೆದ ನನಗೆ ಕಣ್ಣಿಗೆ ಕಂಡದ್ದಷ್ಟೇ ಸಾಕ್ಷಿ. ಕರಡು ಓದಿ ಗುಂಪಿನಲ್ಲಿ ದತ್ತಾಂಶದ ಹೊಣೆ ಹೊತ್ತವರು ಅಲ್ಲೇ ಅನುಮೋದಿಸಿದರು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ನಿಯಮದ ಪ್ರಕಾರ ತಿದ್ದುಪಡಿ ತಂದವರೇ ಒಂದಷ್ಟು ಹಳೆಯ ಪಾಠಗಳನ್ನು ಹೊಸ ಪದ್ಧತಿಗೆ ಬದಲಿಸಿ ತೋರಿಸಬೇಕು. ನಾನು ಆರಿಸಿಕೊಂಡದ್ದು ಸೊರಬದ ಡ್ರಾಯಿಂಗ್ ಮೇಷ್ಟ್ರ ನೋಟ್‌ಬುಕ್ಕುಗಳನ್ನು. ಅವರು ಹೈಸ್ಕೂಲಿನಲ್ಲಿ ಚಿತ್ರ ಕಲಿಸಿ ನಿವೃತ್ತರಾದವರು. ರಜೆ ಬಂತೆಂದರೆ ಸೈಕಲ್ ಹತ್ತಿ ಹೊರಟು ಹೊಸಬಾಳೆಯಿಂದ ಬಂದಳಿಕೆ, ತಾಳಗುಂದದವರೆಗೆ ದಾರಿಯಲ್ಲಿ ಸಿಕ್ಕ ಕಲ್ಲುಗಳನ್ನೆಲ್ಲ ನಕಲು ಮಾಡಿದ್ದರು. ಹತ್ತೊಂಬತ್ತು ನೋಟ್‌ಬುಕ್. ಯಾರೂ ಕೇಳಿರಲಿಲ್ಲ, ಯಾರೂ ಅಚ್ಚು ಹಾಕಿಸಿರಲಿಲ್ಲ. ಎರಡು ವರ್ಷದ ಹಿಂದೆ ಅವನ್ನು ಕಂಪ್ಯೂಟರಿಗೆ ಏರಿಸಿದವಳೂ ನಾನೇ.

ಬದಲಾವಣೆಯ ಕಾರ್ಯಕ್ರಮ ಓಡಿಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ನಮ್ಮಲ್ಲಿ ಊಹೆಯ ಅಕ್ಷರಗಳು ಬೂದು ಬಣ್ಣದಲ್ಲಿ ಕಾಣುತ್ತವೆ. ಸೊರಬ ತಾಲ್ಲೂಕಿನ ಒಂದು ಕೆರೆಯ ತೂಬಿನ ಬಳಿ ನಿಂತಿರುವ ವೀರಗಲ್ಲಿನ ಪಾಠ ತೆರೆದು ನೋಡಿದರೆ ಕೊನೆಯ ಸಾಲು ಪೂರಾ ಬೂದಾಗಿತ್ತು. ಹನ್ನೆರಡು ಅಕ್ಷರ: ‘ತಂಗೆ ಮಾಚವ್ವೆ ಕಲ್ಲ ನಿಲಿಸಿದಳು.’ ತುರುಗಳನ್ನು ಬಿಡಿಸಿಕೊಳ್ಳಲು ಹೋರಾಡಿ ಸತ್ತ ಒಬ್ಬನಿಗೆ ಅವನ ತಂಗಿ ನಿಲ್ಲಿಸಿದ ಕಲ್ಲು ಅದು. ಊಹೆಯ ಅಕ್ಷರಗಳು ಹೆಸರಿನ ಸೂಚಿಗೆ ಹೋಗುವುದಿಲ್ಲವಾದ್ದರಿಂದ ಮಾಚವ್ವೆ ಸೂಚಿಯಿಂದಲೂ ಇಳಿದಿದ್ದಳು. ನಿಯಮ ಸರಿಯಾಗಿ ಕೆಲಸ ಮಾಡುತ್ತಿದೆ ಎಂದುಕೊಂಡೆ.

ಯಾರ ಓದು ಬದಲಾಗುತ್ತದೆಯೋ ಅವರು ಬದುಕಿದ್ದರೆ ಅವರಿಗೆ ತಿಳಿಸಿ ಸಹಿ ಪಡೆಯಬೇಕು. ನಾನು ಆ ಪಾಠದ ಪ್ರತಿ ತೆಗೆದುಕೊಂಡು ಬಸ್ ಹತ್ತಿ ಸೊರಬಕ್ಕೆ ಹೋದೆ. ಮೇಷ್ಟ್ರು ಜಗಲಿಯ ಮೇಲೆ ಕೂತು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು. ಓದುತ್ತ ಕೊನೆಯ ಸಾಲಿಗೆ ಬಂದು ನಿಂತರು.

“ಇದ್ಯಾಕೆ ತೆಳುವಾಗಿ ಬಂದದೆ? ಇಂಕು ಮುಗ್ದಿತ್ತಾ?”

“ಇಲ್ಲ ಮೇಷ್ಟ್ರೆ. ಕಲ್ಲಿನ ಮೇಲೆ ಈಗ ಕಾಣಲ್ಲ. ಹಾಗಾಗಿ ಊಹೆ ಅಂತ ತೋರಿಸ್ತೀವಿ.”

“ಯಾರ ಊಹೆ?”

ಅವರು ಹಾಳೆಯನ್ನು ಮಡಿಸಿ ನನ್ನ ಕೈಗಿಟ್ಟರು.

“ನೋಡು ಮಾರಾಯ್ತಿ, ಮೂವತ್ನಾಲ್ಕು ವರ್ಷ ಮಕ್ಕಳಿಗೆ ಒಂದೇ ಮಾತು ಹೇಳ್ದೋನು ನಾನು. ಎದುರಿಗಿರೋ ಚೊಂಬು ಬರೀರಿ, ನಿಮ್ಮ ತಲೇಲಿರೋ ಚೊಂಬು ಬರೀಬೇಡಿ ಅಂತ. ಈಗ ನಾನೇ ತಲೇಲಿದ್ದಿದ್ದು ಬರ್ದೆ ಅಂತ ಸಹಿ ಹಾಕ್ಲಾ?”

ಸಿಟ್ಟಿರಲಿಲ್ಲ ದನಿಯಲ್ಲಿ. ಅದೇ ಕಷ್ಟವಾಯಿತು. ಅವರ ಇಡೀ ಆಯುಷ್ಯದ ಕೆಲಸ ನಿಜವೋ ಊಹೆಯೋ ಎಂಬ ಪ್ರಶ್ನೆಯನ್ನು ನಾನು ಒಂದು ಮಡಿಸಿದ ಹಾಳೆಯಲ್ಲಿ ತಂದಿದ್ದೆ. ಕಾಫಿ ಕುಡಿದು, ಸಹಿಯಿಲ್ಲದೆ ಬಸ್ ಹತ್ತಿದೆ.

ಮುಂದಿನ ಸಭೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ನಮ್ಮ ಅಧ್ಯಕ್ಷೆ ನಿವೃತ್ತ ಪ್ರಾಧ್ಯಾಪಕಿ, ಮಾತು ಕಡಿಮೆ. ಅವರು ದತ್ತಾಂಶದವರ ಅಭಿಪ್ರಾಯ ಕೇಳಿದರು. ಆತ ಕೆಟ್ಟವರಲ್ಲ. ಒಂದು ಅಕ್ಷರಕ್ಕೂ ಪುರಾವೆ ಬೇಡುವ ಮನುಷ್ಯ, ಅಷ್ಟೇ.

“ಮೇಷ್ಟ್ರ ಬಗ್ಗೆ ನನಗೆ ಗೌರವ ಇದೆ. ಆದ್ರೆ ಇದನ್ನ ನೋಡಿ” ಎಂದು ನನ್ನದೇ ಕಡತವನ್ನು ತೆರೆಯ ಮೇಲೆ ತೋರಿಸಿದರು. “ಈ ಹನ್ನೆರಡು ಅಕ್ಷರಗಳ ಕೆಳಗೂ ಅವರು ಸಣ್ಣ ಸೊನ್ನೆ ಹಾಕಿದ್ದಾರೆ. ಪಾಠ ಏರಿಸಿದ ಮೇಡಂ ಅದನ್ನ ಅನುಮಾನ ಅಂತ ನಮೂದು ಮಾಡಿದ್ದಾರೆ. ಬರೆದವರಿಗೇ ಅನುಮಾನ ಇದ್ದ ಮೇಲೆ ನಾವು ನಂಬೋದು ಹೇಗೆ?”

ಅದು ನಿಜ. ನೋಟ್‌ಬುಕ್ಕುಗಳಲ್ಲಿ ಕೆಲವು ಅಕ್ಷರಗಳ ಅಡಿಯಲ್ಲಿ ಪೆನ್ಸಿಲ್ಲಿನ ಸಣ್ಣ ಸೊನ್ನೆಗಳಿದ್ದವು. ಅಚ್ಚಾದ ಪುಸ್ತಕಗಳಲ್ಲಿ ಅಕ್ಷರದ ಕೆಳಗೆ ಚುಕ್ಕಿ ಇದ್ದರೆ ಅದು ಅನುಮಾನದ ಓದು. ಸೊನ್ನೆಯೂ ಅದೇ ಇರಬೇಕೆಂದು ನಾನು ಹತ್ತೊಂಬತ್ತು ನೋಟ್‌ಬುಕ್ಕಿಗೂ ಅನುಮಾನದ ಗುರುತು ಹಾಕಿದ್ದೆ. ಮೇಷ್ಟ್ರನ್ನು ಒಂದು ಮಾತು ಕೇಳಿದ್ದೇನೆಯೇ? ಇಲ್ಲ. ಊಹೆ ಮಾಡಿದ್ದೆ.

ಈ ಯೋಚನೆ ಸಭೆಯ ನಡುವೆಯೇ ಹೊಳೆಯಿತು. ಅಧ್ಯಕ್ಷೆ ಮತಕ್ಕೆ ಹಾಕುವ ಮೊದಲು ಒಂದು ತಿಂಗಳ ಅವಕಾಶ ಕೊಟ್ಟರು. “ಕಂಡದ್ದಕ್ಕೂ ಊಹಿಸಿದ್ದಕ್ಕೂ ವ್ಯತ್ಯಾಸ ಇದೆ ಅಂತ ತೋರಿಸೋಕೆ ಆದ್ರೆ ತೋರಿಸಿ. ಆಗ್ಲಿಲ್ಲ ಅಂದ್ರೆ ನಿಮ್ಮ ತಿದ್ದುಪಡಿನೇ ಉಳಿಯುತ್ತೆ.” ನನ್ನ ತಿದ್ದುಪಡಿಯನ್ನು ನಾನೇ ಕೆಡವಲು ನನಗೇ ಗಡುವು. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಮರುದಿನವೇ ಸೊರಬಕ್ಕೆ ಹೊರಟೆ. ಈ ಸಲ ಮೂಲ ನೋಟ್‌ಬುಕ್ಕೇ ಚೀಲದಲ್ಲಿತ್ತು.

ಸೊನ್ನೆ ತೋರಿಸಿ ಕೇಳಿದಾಗ ಮೇಷ್ಟ್ರು ನಕ್ಕರು.

“ಅದು ಅನುಮಾನ ಅಲ್ಲ. ಅದು ಕೈ ಅಕ್ಷರ.”

ಆಮೇಲೆ ಅವರು ವಿವರಿಸಿದ್ದನ್ನು ನಾನು ಎಷ್ಟು ಸಲ ನೆನೆದರೂ ಮೊದಲ ಸಲ ಕೇಳಿದ ಹಾಗೇ ಆಗುತ್ತದೆ. ಸವೆದ ಸಾಲಿಗೆ ಬಂದಾಗ ಅವರು ತಮ್ಮ ಕಣ್ಣನ್ನು ನಂಬುತ್ತಿರಲಿಲ್ಲ. ತಮ್ಮ ಬೆರಳನ್ನೂ ನಂಬುತ್ತಿರಲಿಲ್ಲ. ಓದು ಬಲ್ಲವನ ಬೆರಳು ಕಲ್ಲಿಗಿಂತ ಮುಂದೆ ಓಡುತ್ತದೆ, ಎರಡು ಅಕ್ಷರ ಸಿಕ್ಕಿದರೆ ಮೂರನೆಯದನ್ನು ಅದೇ ಹುಟ್ಟಿಸಿಕೊಳ್ಳುತ್ತದೆ ಎನ್ನುವುದು ಅವರ ಅನುಭವ. ಅದಕ್ಕೆ ಅವರು ಆ ಹೊಲದಲ್ಲೋ ಪಕ್ಕದ ಮನೆಯಲ್ಲೋ ಅಕ್ಷರ ಬಾರದ ಒಬ್ಬರನ್ನು ಹುಡುಕುತ್ತಿದ್ದರು. ಮೊರದ ತುಂಬ ಅಕ್ಕಿ ತವುಡು ಹರವಿ ಕಲ್ಲಿನ ಪಕ್ಕ ಇಡುತ್ತಿದ್ದರು. ಆ ಅಕ್ಷರ ಬಾರದವರು ಕಣ್ಣು ಮುಚ್ಚಿ ಕಲ್ಲಿನ ಗೀರನ್ನು ಬೆರಳಲ್ಲಿ ಹಿಂಬಾಲಿಸಿ, ಅದೇ ಬೆರಳಲ್ಲಿ ತವುಡಿನ ಮೇಲೆ ಗೀಚಬೇಕು. ಮೇಷ್ಟ್ರು ತವುಡು ನೋಡಿ ಬರೆದುಕೊಳ್ಳುತ್ತಿದ್ದರು. ಮಳೆಗಾಲ ಕಳೆದ ಮೇಲೆ ಇನ್ನೊಂದು ಸಲ ಹೋಗಿ ಅದೇ ಕೈಯಲ್ಲಿ ಮತ್ತೆ ಬರೆಸುತ್ತಿದ್ದರು. ಎರಡು ಸಲವೂ ಒಂದೇ ಆಕಾರ ಬಂದರೆ ಮಾತ್ರ ಅಡಿಯಲ್ಲಿ ಸೊನ್ನೆ.

“ಓದಕ್ಕೆ ಬರೋರು ಸುಳ್ಳು ಹೇಳ್ಬೇಕು ಅಂತಿಲ್ಲ, ಬೆರಳೇ ಹೇಳ್ಬಿಡ್ತದೆ” ಎಂದರು. “ಬರದೇ ಇರೋರ ಬೆರಳಿಗೆ ಏನ್ ಗೊತ್ತು? ಹಳ್ಳ ಇದ್ರೆ ಹಳ್ಳ, ಇಲ್ದಿದ್ರೆ ಇಲ್ಲ.”

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವುದನ್ನು ಎಲ್ಲರೂ ಹೇಳುತ್ತಾರೆ. ಹಳ್ಳಿಯ ದಾರಿಯಲ್ಲಿ ಸೈಕಲ್ ತುಳಿಯುತ್ತ, ಯಾರೂ ಕೇಳದಿದ್ದರೂ, ಒಂದು ಮೊರ ತವುಡು ಇಟ್ಟುಕೊಂಡು ಅದನ್ನು ಇಷ್ಟು ಕಟ್ಟುನಿಟ್ಟಾಗಿ ಮಾಡಿದವರು ನನ್ನೆದುರು ಬನಿಯನ್ನಿನಲ್ಲಿ ಕೂತಿದ್ದರು. ನೋಟ್‌ಬುಕ್ಕುಗಳಲ್ಲಿ ಅತ್ಯಂತ ಗಟ್ಟಿಯಾದ ಅಕ್ಷರಗಳು ಯಾವುವೋ ಅವಕ್ಕೇ ನಾನು ಹುಡುಕಿ ಹುಡುಕಿ ಅನುಮಾನದ ಮುದ್ರೆ ಒತ್ತಿದ್ದೆ. ಅವರ ಎದುರಿನಲ್ಲೇ ಆ ತಪ್ಪು ಹೇಳಿಕೊಂಡೆ. “ಕೇಳ್ಬಹುದಿತ್ತಲ್ಲ” ಎಂದರು ಅಷ್ಟೇ.

ತೂಬಿನ ಕಲ್ಲಿನ ಪುಟದ ಅಂಚಿನಲ್ಲಿ ‘ಕೆರೆ ಕೆಳಗಿನ ಮನೆಯ ಸೊಸೆ’ ಎಂದು ಬರೆದಿತ್ತು. ಆ ಸೊಸೆ ಈಗ ಆ ಮನೆಯ ಯಜಮಾನಿ, ಅರವತ್ತರ ಆಸುಪಾಸು, ಮೊಮ್ಮಕ್ಕಳಿದ್ದಾರೆ. ಜೋಳದ ಕೊಯ್ಲಿನ ಗಡಿಬಿಡಿ ಕಳೆಯಲೆಂದು ಸುಮಾರು ಮೂರು ವಾರ ಕಾದು ಇಬ್ಬರೂ ಅಲ್ಲಿಗೆ ಹೋದೆವು. ಆಕೆ ಕಣದಲ್ಲಿ ಗೋವಿನ ಜೋಳದ ರಾಶಿಯ ಮುಂದೆ ಕೂತಿದ್ದರು.

“ನೀವು ಯಾರ ಪೈಕಿನವ್ವ?” ಎಂದು ನನ್ನನ್ನು ಕೇಳಿದರು.

“ಶಿಕಾರಿಪುರದಾಗೆ ಪಾತ್ರೆಗೆ ಹೆಸರು ಕೊರೀತಾರಲ್ಲಮ್ಮ, ಆ ಸಾಬರ ಮಗಳು.”

“ಅಯ್ಯ, ನನ್ನ ಮದ್ವೆ ಕೊಡಪಾನಕ್ಕೆ ಹೆಸ್ರು ಹಾಕಿದ್ದು ಅವ್ರೇ ಇರ್ಬೇಕು. ಬರ್ರಿ, ಕೂತ್ಕಳ್ರಿ.”

ಮೇಷ್ಟ್ರು ಬಂದ ಕೆಲಸ ಹೇಳಿದರು. ಆಕೆ ತಮ್ಮ ಬಲಗೈ ಚಾಚಿ ತೋರಿಸಿದರು. ಜೋಳ ಮುರಿದು ಮುರಿದು ಬೆರಳ ತುದಿಗಳು ಬಿರುಕು ಬಿಟ್ಟು ದಡ್ಡುಗಟ್ಟಿದ್ದವು.

“ಈಗ ಆಗಾಂಗಿಲ್ಲ ಮೇಷ್ಟ್ರೆ. ಬೆರಳೇ ಕಲ್ಲಾಗೈತೆ, ಕಲ್ಲಿಗೆ ಕಲ್ಲು ಏನ್ ಗೊತ್ತಾಕ್ಕತಿ? ಎಂಟು ದಿನ ಬಿಟ್ಟು ಬರ್ರಿ. ಹರಳೆಣ್ಣೆ ಹಚ್ಕಂಡಿರ್ತೀನಿ. ಬೆಳಿಗ್ಗೆ ಬರ್ರಿ, ಬಿಸ್ಲು ಬಿದ್ಮೇಲೆ ಕಲ್ಲು ಕಾಯ್ತದೆ.”

ಎಂಟು ದಿನ ಎಂದರೆ ಸಭೆಗೆ ಎರಡು ದಿನವಷ್ಟೇ ಉಳಿಯುತ್ತಿತ್ತು. ಬೇರೆ ದಾರಿಯಿರಲಿಲ್ಲ. ನಡುವೆ ನಾನು ಕೈ ಕಟ್ಟಿ ಕೂರಲಿಲ್ಲ. ಕಲ್ಲಿಗೆ ಕಪ್ಪು ಬಟ್ಟೆ ಮುಚ್ಚಿ, ಒಳಗೆ ಟಾರ್ಚನ್ನು ಎಡಗಡೆಯಿಂದ, ಬಲಗಡೆಯಿಂದ, ಕೆಳಗಿನಿಂದ ಓರೆಯಾಗಿ ಹಿಡಿದು ಫೋಟೋ ತೆಗೆದೆ. ಅಕ್ಕಿ ಹಿಟ್ಟು ಸವರಿ ತೆಗೆದೆ. ಒದ್ದೆ ಕಾಗದ ಹಾಕಿ ಬ್ರಷ್ಷಿನಿಂದ ತಟ್ಟಿ, ಶಾಯಿ ಸವರಿ ಅಚ್ಚು ತೆಗೆದೆ. ಮೇಲಿನ ಸಾಲುಗಳು ಚೆನ್ನಾಗಿ ಬಂದವು. ಕೊನೆಯ ಸಾಲು ತೊಳೆದಿಟ್ಟ ಬಟ್ಟಲಿನಂತೆ ಖಾಲಿ.

ಕೊನೆಗೆ ನಾನೇ ಕಣ್ಣು ಮುಚ್ಚಿ ಬೆರಳಾಡಿಸಿದೆ. ಮೂರನೆಯ, ನಾಲ್ಕನೆಯ ಅಕ್ಷರದ ಗೀರುಗಳು ಸಿಕ್ಕಂತಾಯಿತು. ಐದನೆಯ ಜಾಗದಲ್ಲಿ ‘ವ್ವೆ’ ಬೆರಳಿಗೆ ಸ್ಪಷ್ಟವಾಗಿಯೇ ತಾಗಿತು. ಎಷ್ಟು ಖುಷಿಯಾಯಿತೆಂದರೆ ಮನೆಯಾಕೆಯನ್ನು ಕೂಗಿ ಕರೆದೆ. ಆಕೆ ಎಣ್ಣೆ ಹಚ್ಚಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಆ ಜಾಗವನ್ನು ಒಮ್ಮೆ ಸವರಿದರು.

“ಇಲ್ಲಿ ಏನೂ ಇಲ್ಲಲ್ರವ್ವ. ನುಣ್ಣಗೈತೆ.”

ಮತ್ತೆ ಮುಟ್ಟಿದೆ. ನಿಜಕ್ಕೂ ನುಣ್ಣಗಿತ್ತು. ನಾನು ಆ ಸಾಲನ್ನು ಟೈಪು ಮಾಡಿದವಳು, ನನಗೆ ಅಲ್ಲಿ ಏನಿರಬೇಕೆಂದು ಗೊತ್ತಿತ್ತು. ಬೆರಳು ಓಡಿ ಹೋಗಿ ಬರೆದುಕೊಂಡು ಬಂದಿತ್ತು. ಮೇಷ್ಟ್ರ ಮಾತು ನನ್ನ ಕೈಯಲ್ಲೇ ರುಜುವಾತಾದದ್ದು ಕಂಡು ಸ್ವಲ್ಪ ಹೆದರಿಕೆಯೂ ಆಯಿತು.

ದತ್ತಾಂಶದವರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ಷರತ್ತು ಹಾಕಿದರು. ಮೇಷ್ಟ್ರು ಕಲ್ಲಿನ ಹತ್ತಿರ ಇರಬಾರದು. ನಾನೂ ಕಲ್ಲಿಗೆ ಬೆನ್ನು ಹಾಕಿ ನಿಲ್ಲಬೇಕು, ಏಕೆಂದರೆ ನನ್ನ ಮುಖ ನೋಡಿದರೂ ಆಕೆಗೆ ಸುಳಿವು ಸಿಗಬಹುದು. ಫೋನನ್ನು ಮೊರದ ಮೇಲಕ್ಕೆ ಕಟ್ಟಿ ಮೊದಲಿನಿಂದ ಕೊನೆಯವರೆಗೆ ವಿಡಿಯೋ ಆಗಬೇಕು. ಮೇಷ್ಟ್ರಿಗೆ ಇದನ್ನು ತಿಳಿಸಿದಾಗ ಅವರು ತಲೆಯಾಡಿಸಿದರು. “ಸರಿಯಾಗಿ ಕೇಳಿದಾರೆ ಅವ್ರು. ಸಿಗ್ಲಿಲ್ಲ ಅಂದ್ರೆ ತೆಳು ಬಣ್ಣನೇ ಇರ್ಲಿ, ಸಹಿ ಹಾಕ್ತೀನಿ” ಎಂದರು. ಹೇಳುವಾಗ ಕನ್ನಡಕ ತೆಗೆದು ಒರೆಸಿದರು.

ಒಂಬತ್ತನೆಯ ದಿನ ಬೆಳಿಗ್ಗೆ ಕೆರೆಯ ಮೇಲೆ ಇನ್ನೂ ಮಂಜಿತ್ತು. ಮೇಷ್ಟ್ರು ಏರಿಯ ಆಚೆ ರಸ್ತೆಯ ಮೋರಿ ಕಟ್ಟೆಯ ಮೇಲೆ ಕೂತರು. ಮೂರು ಕೋಲು ಸೇರಿಸಿ ಕಟ್ಟಿ ಫೋನು ತೂಗುಹಾಕಿ, ನಾನು ಗದ್ದೆಯ ಕಡೆ ಮುಖ ಮಾಡಿ ನಿಂತೆ. ಹೀಗಾಗಿ ಆ ಬೆಳಗಿನ ಕೆಲಸವನ್ನು ನಾನು ನೋಡಲಿಲ್ಲ, ಕೇಳಿದೆ. ಕೊಡದಿಂದ ಕಲ್ಲಿನ ಮೇಲೆ ನೀರು ಸುರಿದ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ತವುಡಿನ ಮೇಲೆ ಬೆರಳು ಎಳೆದ ಸಣ್ಣ ಸರಸರ. ಮುಂದಿನ ಅಕ್ಷರಕ್ಕೆ ತವುಡು ಸಮ ಮಾಡಲು ಮೊರವನ್ನು ಕುಲುಕಿದ ಸದ್ದು. ಮತ್ತೆ ನೀರು.

ಐದನೆಯ ಜಾಗಕ್ಕೆ ಬಂದಿರಬೇಕು, ದನಿ ಕೇಳಿಸಿತು.

“ಇಲ್ಲೊಂದು ಇತ್ತು ಕಣ್ರವ್ವ. ಈಗ ಹೋಗೈತೆ.”

“ಹೇಗಿತ್ತು ಅಂತ ನೆನಪಿದ್ಯಾ ಅಮ್ಮ?” ಎಂದು ತಿರುಗದೆಯೇ ಕೇಳಿದೆ. ಕೇಳಬಾರದಿತ್ತು.

“ನೆನಪೈತೆ. ಆದ್ರೆ ಬರಿಯಾಂಗಿಲ್ಲ. ಬೆರಳಿಗೆ ಸಿಕ್ರೆ ಬರೀಬೇಕು, ನೆನಪಿಗೆ ಸಿಕ್ಕಿದ್ದು ಬರಿಯಾಂಗಿಲ್ಲ. ಮೇಷ್ಟ್ರು ಬೈತಾರೆ.”

ಮೇಷ್ಟ್ರು ಅಲ್ಲಿಂದ ಇನ್ನೂರು ಹೆಜ್ಜೆ ದೂರವಿದ್ದರು. ನಾವು ಇಪ್ಪತ್ತು ಜನ ಪುಟಗಟ್ಟಲೆ ಬರೆದು, ತಿದ್ದಿ, ಮತ ಹಾಕಿ ಹಿಡಿಯಲು ಹೆಣಗುತ್ತಿದ್ದ ನಿಯಮವನ್ನು ಈ ಹೆಂಗಸು ಮೊರದ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದು ಮಾತಿನಲ್ಲಿ ಹೇಳಿದ್ದರು, ಮೂವತ್ತು ವರ್ಷ ಅದನ್ನು ಮುರಿಯದೆ ಉಳಿಸಿಕೊಂಡೂ ಇದ್ದರು. ಗದ್ದೆಯ ಕಡೆ ಮುಖ ಮಾಡಿದ್ದೇ ಒಳ್ಳೆಯದಾಯಿತು, ಕಣ್ಣು ಒರೆಸಿಕೊಂಡದ್ದು ಯಾರಿಗೂ ಕಾಣಲಿಲ್ಲ.

ಮುಗಿದ ಮೇಲೆ ಮನೆಯ ಜಗಲಿಯಲ್ಲಿ ಕೂತು ವಿಡಿಯೋದ ಚಿತ್ರಗಳನ್ನು ಒಂದೊಂದಾಗಿ ನಿಲ್ಲಿಸಿ ನೋಟ್‌ಬುಕ್ಕಿನ ಪಕ್ಕ ಇಟ್ಟು ನೋಡಿದೆ. ಹನ್ನೆರಡರಲ್ಲಿ ಎಂಟು ಆಕಾರಗಳು ಬಂದಿದ್ದವು. ಎಂಟೂ ಮೇಷ್ಟ್ರ ಪೆನ್ಸಿಲ್ಲಿನ ಆಕಾರಗಳೇ. ನಾಲ್ಕಕ್ಕೆ ಆಕೆ ಮೊರ ಮುಟ್ಟಿರಲಿಲ್ಲ. ಇದಿಷ್ಟೇ ಆಗಿದ್ದರೂ ನನಗೆ ಸಾಕಿತ್ತು. ಆದರೆ ವಿಡಿಯೋದಲ್ಲಿ ಆ ಎಂಟಲ್ಲದೆ ಇನ್ನೊಂದು ಚಿತ್ರವಿತ್ತು. ನಾಲ್ಕನೆಯ ಅಕ್ಷರ ಬರೆದಾದ ಮೇಲೆ ಆಕೆ ತವುಡಿನ ಮೇಲೆ ಓರೆಯಾಗಿ ಒಂದು ಉದ್ದ ಗೀಟು ಎಳೆದಿದ್ದರು, ಕೊನೆಯಲ್ಲಿ ಕೊಕ್ಕೆಯ ಹಾಗೆ ಬಾಗಿದ್ದು. ಅದು ಯಾವ ಅಕ್ಷರವೂ ಅಲ್ಲ. ನೋಟ್‌ಬುಕ್ ನೋಡಿದೆ. ಅದೇ ಜಾಗದಲ್ಲಿ ಅದೇ ಓರೆ ಗೀಟು, ಅದೇ ಕೊಕ್ಕೆ, ಪಕ್ಕದಲ್ಲಿ ಮೇಷ್ಟ್ರ ಕೈಬರಹ: ‘ಇದೇನೋ ಗೊತ್ತಿಲ್ಲ. ಕೈಗೆ ಸಿಕ್ಕಿದೆ.’ ಕಲ್ಲಿನ ಹಳೆಯ ಸೀಳು ಇರಬೇಕು. ಅರ್ಥವಿಲ್ಲದ್ದೆಂದು ಟೈಪು ಮಾಡುವಾಗ ನಾನು ಅದನ್ನು ಬಿಟ್ಟಿದ್ದೆ. ಊಹೆ ಮಾಡುವವನು ಅರ್ಥವಿಲ್ಲದ ಗೀಟನ್ನು ಯಾಕೆ ಬರೆದುಕೊಳ್ಳುತ್ತಾನೆ? ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿರಲಿಲ್ಲ.

ಮೋರಿ ಕಟ್ಟೆಗೆ ಹೋಗಿ ಮೇಷ್ಟ್ರಿಗೆ ತೋರಿಸಿದೆ. ಎಂಟು ಅಕ್ಷರಗಳ ಚಿತ್ರವನ್ನು ಅವರು ಬೇಗ ಬೇಗ ದಾಟಿಸಿದರು. ಆಕೆ ಬರೆಯದೆ ಬಿಟ್ಟ ನಾಲ್ಕರ ಬಗ್ಗೆ ಹೇಳಿದಾಗ ಮಾತ್ರ ಫೋನನ್ನು ಕೆಳಗಿಟ್ಟು ಕೆರೆಯ ಕಡೆ ನೋಡಿದರು. “ಒಳ್ಳೆ ಕೈ” ಎಂದರು.

ಎರಡು ದಿನದ ನಂತರ ಸಭೆ. ತಿದ್ದುಪಡಿ ತಂದವರು ಮತಕ್ಕೆ ಮೊದಲು ಅದನ್ನು ಹಿಂದಕ್ಕೆ ಪಡೆಯಬಹುದು, ಆದರೆ ಕಾರಣವನ್ನು ತಮ್ಮ ಹೆಸರಿನಲ್ಲೇ ದಾಖಲೆಗೆ ಬರೆಸಬೇಕು. ನಾನು ಹಿಂದಕ್ಕೆ ಪಡೆದೆ. ಸೊನ್ನೆಗಳನ್ನು ಕೇಳದೆ ಅನುಮಾನ ಎಂದು ನಮೂದಿಸಿದ್ದು, ಹತ್ತೊಂಬತ್ತು ನೋಟ್‌ಬುಕ್ಕಿನಲ್ಲೂ ಅದೇ ತಪ್ಪಾಗಿರುವುದು, ಎಲ್ಲವನ್ನೂ ಮತ್ತೆ ಮಾಡಬೇಕಾಗಿರುವುದು, ಮೂರನ್ನೂ ಬರೆಸಿದೆ. ಆಮೇಲೆ ವಿಡಿಯೋ ತೋರಿಸಿದೆ. ನಮ್ಮ ಸಭೆಯಲ್ಲಿ ಹದಿನೈದು ನಿಮಿಷ ಯಾರೂ ಮಾತಾಡದೆ ಇದ್ದದ್ದನ್ನು ನಾನು ಮೊದಲ ಸಲ ಕಂಡೆ.

ದತ್ತಾಂಶದವರು ಮೊದಲು ಬಾಯಿ ತೆರೆದರು. “ಎಂಟು ಒಪ್ತೀನಿ. ನನ್ನ ಕಣ್ಣಾರೆ ನೋಡಿದೆ. ಆದ್ರೆ ಆಕೆ ಬರೀಲಿಲ್ಲವಲ್ಲ, ಆ ನಾಲ್ಕು? ಅವು ಈಗಲೂ ಕಾಣಲ್ಲ, ಕೈಗೂ ಸಿಗಲ್ಲ.”

“ಆ ನಾಲ್ಕಕ್ಕೇ ಅಲ್ವೇ ಈ ಗುರುತು ಬೇಕಾಗಿರೋದು?” ಎಂದರು ಅಧ್ಯಕ್ಷೆ.

ಆತ ಒಪ್ಪಿದರು. “ನಿಜ. ಎಂಟರಲ್ಲಿ ಹೀಗಿದ್ದೋರು ನಾಲ್ಕರಲ್ಲಿ ಕಟ್ಟಿ ಬರೆದರು ಅನ್ನೋಕೆ ನನ್ನ ಹತ್ರ ಆಧಾರ ಇಲ್ಲ. ಆದ್ರೆ ಬರೀ ಹಿಂದಿನವರು ಅಂದ್ರೆ ಸಾಲ್ದು. ಯಾರು, ಹೇಗೆ, ಯಾವಾಗ, ಅಷ್ಟೂ ಬೇಕು.”

ಹೊಸ ತಿದ್ದುಪಡಿ ಅಲ್ಲೇ ತಯಾರಾಯಿತು, ಈ ಸಲ ಕರಡು ಬರೆದದ್ದು ಆತ. ನಾಲ್ಕನೆಯ ಗುರುತು ಉಳಿಯುತ್ತದೆ. ಅದರೊಳಗೆ ಕಂಡವರ ಹೆಸರು, ಕಂಡ ಬಗೆ ಮತ್ತು ವರ್ಷ ಬರೆಯಬೇಕು. ಕಂಡ ಬಗೆಗೆ ಎರಡು ಆಯ್ಕೆ: ಕಣ್ಣು, ಕೈ. ಇಬ್ಬರು ವಿರುದ್ಧ ಮತ ಹಾಕಿದರು, ಉಳಿದವರು ಒಪ್ಪಿದರು. ಅದೇ ವಾರ ನಾನು ತೂಬಿನ ಕಲ್ಲಿನ ಪಾಠವನ್ನು ಹೊಸದಾಗಿ ನಮೂದಿಸಿದೆ. ಅರ್ಥವಿಲ್ಲದ ಓರೆ ಗೀಟಿಗೂ ಒಂದು ಗುರುತು ಕೊಟ್ಟೆ. ಹನ್ನೆರಡು ಅಕ್ಷರಗಳೂ ಕಪ್ಪಾದವು, ಮಾಚವ್ವೆ ಸೂಚಿಗೆ ಮರಳಿದಳು. ಪ್ರತಿಯನ್ನು ಮೇಷ್ಟ್ರಿಗೆ ತೋರಿಸಿದಾಗ ಅವರು ಕೇಳದಿದ್ದರೂ ಪೆನ್ನು ತೆಗೆದು ಸಹಿ ಹಾಕಿದರು.

ಕಂಡವರ ಹೆಸರಿನ ಜಾಗ ಮಾತ್ರ ಅರ್ಧ ಖಾಲಿಯಿತ್ತು. ನೋಟ್‌ಬುಕ್ಕಿನಲ್ಲಿದ್ದದ್ದು ‘ಕೆರೆ ಕೆಳಗಿನ ಮನೆಯ ಸೊಸೆ’ ಅಷ್ಟೇ. ಹೆಸರು ಕೇಳಿ ಬರೆದುಕೊಳ್ಳಲು ಮೇಷ್ಟ್ರ ಜೊತೆ ಮತ್ತೆ ಆ ಮನೆಗೆ ಹೋದೆ. ಆಕೆಗೆ ಅದು ತಮಾಷೆಯಾಗಿ ಕಂಡಿತು.

“ನನ್ನ ಹೆಸ್ರು ಯಾಕೆ? ಮೇಷ್ಟ್ರುದ್ದು ಹಾಕ್ರಿ.”

“ಅವರದೂ ಇರುತ್ತೆ. ಕೈ ನಿಮ್ದಲ್ವಾ ಅಮ್ಮ?”

ಆಕೆ ಹೇಳಿದರು, ನಾನು ಬರೆದುಕೊಂಡೆ. ಆ ಹೆಸರು ಕಡತದಲ್ಲಿದೆ, ಇಲ್ಲಿ ಬೇಡ. ಆಮೇಲೆ ಆಕೆ ಮೇಷ್ಟ್ರ ಕಡೆ ತಿರುಗಿ, “ಅಲ್ಲ ಮೇಷ್ಟ್ರೆ, ಇಷ್ಟು ವರ್ಸ ಆತು, ಆ ಕಲ್ಲಾಗೆ ಏನ್ ಬರ್ದಾರೆ?” ಎಂದು ಕೇಳಿದರು.

ನಾನು ಬೆರಗಾಗಿ ಮೇಷ್ಟ್ರ ಮುಖ ನೋಡಿದೆ. “ಹೇಳಿರ್ಲಿಲ್ಲ” ಎಂದರು ನನಗೆ. “ಹೇಳಿದ್ರೆ ಬೆರಳು ಕೆಡ್ತದೆ. ಇನ್ನೊಂದ್ಸಲ ಬೇಕಾಗ್ಬಹುದು ಅಂತ ಇಟ್ಟಿದ್ದೆ.” ಆಕೆಗೆ, “ನೀನೂ ಕೇಳ್ಲಿಲ್ಲ ತಾಯಿ” ಎಂದರು.

“ಕೇಳ್ಬಾರ್ದು ಅಂದಿದ್ರಲ್ರೀ. ಈಗ ಹೇಳ್ರಿ. ನನ್ನ ಬೆರಳಿಗೂ ವಯಸ್ಸಾತು.”

ಮೂವರೂ ಕಲ್ಲಿನ ಹತ್ತಿರ ಹೋದೆವು. ಮೇಷ್ಟ್ರು ಮೇಲಿನ ಸಾಲಿನಿಂದ ನಿಧಾನವಾಗಿ ಅರ್ಥ ಹೇಳುತ್ತ ಬಂದರು. ದನಗಳನ್ನು ಹಿಡಿದೊಯ್ದದ್ದು, ಇವನು ಬೆನ್ನಟ್ಟಿದ್ದು, ಬಿಡಿಸಿ ಕಳಿಸಿ ತಾನು ಸತ್ತದ್ದು. ಕೊನೆಯ ಸಾಲಿಗೆ ಬಂದು, “ಇದು ನೀನು ಬರ್ದಿದ್ದು. ಅವ್ನ ತಂಗಿ ಮಾಚವ್ವೆ ಈ ಕಲ್ಲು ನಿಲ್ಲಿಸಿದ್ಲು ಅಂತ” ಎಂದರು.

“ತಂಗಿನಾ?” ಆಕೆ ಕಲ್ಲಿನ ಹತ್ತಿರಕ್ಕೆ ಬಗ್ಗಿದರು. “ಯಾವ್ದೋ ಗಂಡಸ್ರ ಹೆಸ್ರು ಇರ್ಬೇಕು ಅಂತ ಮಾಡಿದ್ದೆ ನಾನು. ಎಲ್ಲೈತೆ ಅವ್ಳ ಹೆಸ್ರು?”

ಮೇಷ್ಟ್ರು ಆ ಹೆಸರಿನ ಮೊದಲ ಎರಡು ಅಕ್ಷರದ ಜಾಗ ತೋರಿಸಿದರು. ಮೂರನೆಯ ‘ವ್ವೆ’ಗೆ ಬೆರಳು ಎತ್ತುವ ಮೊದಲೇ ಆಕೆ ತಡೆದರು. ಕಣ್ಣು ತೆರೆದೇ ಇತ್ತು. ಕಲ್ಲಿನ ಆ ನುಣ್ಣನೆಯ ಜಾಗದ ಮೇಲೆ, ಒಂದು ಕೂದಲೆಳೆಯಷ್ಟೂ ಹುಡುಕದೆ, ತಮ್ಮ ಬೆರಳಿಟ್ಟರು.

“ಇಲ್ಲಿ ಇತ್ತು. ನಾನು ಮುಟ್ಟೀನಿ.”